ಎದುರು ಗೋಡೆ

ಒಂಟೆ ತೆನೆ ತಿನ್ನುವುದಕ್ಕೆ ಮೊದಲೇ ಬಾಸಿಲನ ಮನಸ್ಸು ಕೆಟ್ಟಿತ್ತು; ಆದ್ದರಿಂದ ಆ ದಿನದ ತಪ್ಪನ್ನೆಲ್ಲ ಒಂಟೆಯ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ಅವನಿಗೇ ಗೊತ್ತಿತ್ತು. ಮರುಭೂಮಿಯ ನಡುವಿನ ಹೈಮಾದ ಪೆಟ್ರೋಲ್ ಬಂಕಿನ ಹಿಂದೆ, ಲಾರಿಗಳ ಸಾಲಿನ ಕೊನೆಯಲ್ಲಿ, ಅವರ ಮನೆಗಾಡಿ ಮರಳಿನಲ್ಲಿ ಒಂದು ಬದಿಗೆ ವಾಲಿಕೊಂಡು ನಿಂತಿತ್ತು. ಮಸ್ಕತ್ತಿನಿಂದ ನಿನ್ನೆ ಹೊರಟವರು. ಸಲಾಲ ಇನ್ನೂ ಅರ್ಧ ದಿನದ ದಾರಿ. ನಾಳೆ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಬಾಸಿಲ್ ಎಚ್ಚರವಾಗಿದ್ದರೂ ಕಣ್ಣು ಮುಚ್ಚಿ ಮಲಗಿದ್ದ. ಪರದೆಯ ಆಚೆಯಿಂದ ಆ ಸದ್ದು ಬಂತು. ಕ್ಯಾರೋಲಿನಳ ಕಪಾಟಿನ ಬಾಗಿಲು ಕಿರ್ರೆಂದು ತೆರೆಯಿತು, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಕಿರ್ರೆಂದು ಮುಚ್ಚಿತು. ಎಷ್ಟೋ ವರ್ಷಗಳಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇದೇ ಸದ್ದು. ಮೊದಮೊದಲು ಆ ಕೀಲಿಗೆ ಎರಡು ಹನಿ ಎಣ್ಣೆ ಬಿಡಬೇಕು ಎಂದುಕೊಳ್ಳುತ್ತಿದ್ದ. ಮೊನ್ನೆ ಬೌಷರಿನ ಊಟವಾದ ಮೇಲೆ ಅದು ಎಣ್ಣೆಯ ವಿಷಯವಾಗಿ ಉಳಿಯಲಿಲ್ಲ. ಬಟ್ಟೆ ಮಡಚಿ ಇಡುತ್ತಿದ್ದಾಳೆ, ಹೊರಡುವ ತಯಾರಿ ಮಾಡುತ್ತಿದ್ದಾಳೆ ಎಂದು ಅವನ ಕಿವಿ ತೀರ್ಮಾನಿಸಿಬಿಟ್ಟಿತ್ತು.

ಮಸ್ಕತ್ತಿನ ಬೌಷರಿನಲ್ಲಿ ಅವಳ ತಂಗಿ ಇವ್ಲಿನಳ ಫ್ಲ್ಯಾಟಿನಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಹೊರಡುವ ಹಿಂದಿನ ದಿನ ಅಲ್ಲಿ ಊಟಕ್ಕೆ ಕುಳಿತಾಗ ಇವ್ಲಿನ್, ಬಾಸಿಲನ ತಟ್ಟೆಗೆ ಅಂಜಲ್ ತುಂಡು ಬಡಿಸುತ್ತಲೇ ಅಕ್ಕನ ಮುಖ ನೋಡಿ, "ಈ ಗಾಡಿಯಲ್ಲಿ ಅಲೆದದ್ದು ಸಾಕು. ನೀನು ಇಲ್ಲಿ ಬಂದಿರು. ಭಾವನಿಗೆ ದೇವರ ಸೇವೆ ಮಾಡ್ಬೇಕಾದ್ರೆ ಮಾಡಿಕೊಂಡು ತಿರುಗ್ಲಿ, ಶುಕ್ರವಾರ ಬಂದು ಊಟ ಮಾಡಿ ಹೋಗ್ಲಿ" ಎಂದಿದ್ದಳು. ಕ್ಯಾರೋಲಿನ್ ಬೇಡವೆನ್ನಲಿಲ್ಲ. "ಹಬ್ಬ ಮುಗೀಲಿ, ಹೇಳ್ತೇನೆ" ಎಂದು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದಳು. ಆ ಮುಳ್ಳು ಅಂದಿನಿಂದ ಬಾಸಿಲನ ಗಂಟಲಿನಲ್ಲಿತ್ತು. ಹಬ್ಬ ನಾಳೆ ಮುಗಿಯುತ್ತದೆ. ನಾಡಿದ್ದು ಅವಳು ಹೇಳುತ್ತಾಳೆ. ಏನು ಹೇಳುತ್ತಾಳೆಂದು ಕೇಳುವ ಧೈರ್ಯವಿಲ್ಲದೆ ಅವನು ದಾರಿಯುದ್ದಕ್ಕೂ ರೇಡಿಯೇಟರಿನ ವಿಷಯ ಮಾತಾಡಿದ್ದ.

ಈ ಬದುಕಿಗೆ ಇಳಿಯುವಾಗ ಅವಳನ್ನು ಕೇಳಿದ್ದನೇ? ಕೇಳಿದ್ದ, ಸುಳ್ಳಲ್ಲ. ಬಸ್ಸಿಗೆ ಬಣ್ಣ ಬಳಿದಾದ ಮೇಲೆ ಕೇಳಿದ್ದ. ಅಲ್ ಖುವೈರಿನ ಗ್ಯಾರೇಜಿನಲ್ಲಿ ಬಸ್ಸಿನ ಬಾಡಿ ಕಟ್ಟುತ್ತ, ಏಸಿ ರಿಪೇರಿ ಮಾಡುತ್ತ ತಲೆ ನರೆಸಿಕೊಂಡವನು, ಮಗಳು ಏಂಜೆಲಾ ಮದುವೆಯಾಗಿ ಬಹರೈನಿಗೆ ಹೋದ ವರ್ಷ, ಯಾವುದೋ ಸರ್ವೆ ತಂಡ ಬಿಟ್ಟುಹೋದ ಹಳೆಯ ಬಸ್ಸೊಂದನ್ನು ತನಗೆ ವೀಸಾ ಕೊಟ್ಟ ಕಫೀಲ್ ಮಹಮೂದನ ಅಂಗಳದಿಂದ ಎಬ್ಬಿಸಿ ನಿಲ್ಲಿಸಿದ್ದ. ಎರಡು ಮಂಚ, ಒಲೆ, ನೀರಿನ ಟ್ಯಾಂಕ್, ಅಂಗೈಯಗಲದ ಬಚ್ಚಲು. ದಾರಿಯ ಬಂಕುಗಳ ಜನರೇಟರ್, ಏಸಿಗಳನ್ನು ಮಹಮೂದನ ಹೆಸರಿನಲ್ಲಿ ನೋಡಿಕೊಳ್ಳುವುದು ಹೊಟ್ಟೆಪಾಡಿಗೆ. ಉಳಿದದ್ದೆಲ್ಲ ದೇವರ ಕೆಲಸಕ್ಕೆ. ರೂವಿಯ ಇಗರ್ಜಿಯ ಮೈಕು, ಘಾಲಾದ ಬೆಂಚುಗಳು, ಸಲಾಲದ ತುಂತುರು ಮಳೆಗೆ ಸೋರುವ ಮಾಡು, ಎಲ್ಲಿ ಏನು ಕೆಟ್ಟರೂ ಬಾಸಿಲನ ಗಾಡಿ ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಮಹಮೂದ್ ಒಳಗೆ ತಲೆ ಹಾಕಿ ನೋಡಿ, "ನನ್ನ ಅಜ್ಜ ಡೇರೆಯಲ್ಲಿ ಹುಟ್ಟಿ, ಮನೆ ಕಟ್ಟಬೇಕು ಅಂತ ಜೀವ ತೇದ. ನೀನು ಮನೆ ಬಿಟ್ಟು ಡೇರೆಗೆ ಹೊರಟಿದ್ದೀಯ. ಯಲ್ಲಾ, ಹೋಗು" ಎಂದು ಹಿಂದಿಯಲ್ಲಿ ಹೇಳಿ ನಕ್ಕಿದ್ದ. ಕ್ಯಾರೋಲಿನ್ ಹಸಿ ಬಣ್ಣಕ್ಕೆ ಸೆರಗು ತಾಗದಂತೆ ಬಸ್ಸಿಗೊಂದು ಸುತ್ತು ಬಂದು "ಆಯ್ತು" ಎಂದಿದ್ದಳು. ಹೆಂಗಸರ ಆಯ್ತುಗಳಲ್ಲಿ ಎಷ್ಟು ಬಗೆಯಿದೆ ಎಂಬುದು ಆಗ ಬಾಸಿಲನಿಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಎಂಬುದಾದರೂ ಗೊತ್ತಾಗಿದೆ.

ಅವಳಿಗೆ ಇದು ಮನೆಯಲ್ಲ ಎನ್ನುವುದಕ್ಕೆ ಅವನಲ್ಲಿ ಗಟ್ಟಿಯಾದ ಸಾಕ್ಷಿಯಿತ್ತು. ಅವರಂಥ ಮಂಗಳೂರಿನ ಕ್ರೈಸ್ತರ ಯಾವ ಮನೆಗೆ ಹೋದರೂ ಬಾಗಿಲು ದಾಟಿದ ಕೂಡಲೇ ಎದುರು ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ ಇರುತ್ತದೆ. ಅದರ ಮುಂದೆಯೇ ಸಂಜೆಯ ತೇರ್ಸ, ಜಪಮಾಲೆಯ ಪ್ರಾರ್ಥನೆ. ಮೊಂತಿ ಹಬ್ಬದಲ್ಲಿ ಇಗರ್ಜಿಯಿಂದ ತಂದ ತೆನೆಯನ್ನು ಸಿಕ್ಕಿಸುವುದೂ ಅದರ ಹಿಂದೆಯೇ. ಕ್ಯಾರೋಲಿನಳ ತಾಯಿ ಮದುವೆಗೆ ಕೊಟ್ಟ ಪಟ ರೂವಿಯ ಫ್ಲ್ಯಾಟಿನಲ್ಲಿ ವರ್ಷಗಟ್ಟಲೆ ಹಾಗೆಯೇ ಇತ್ತು. ಫ್ಲ್ಯಾಟ್ ಬಿಡುವಾಗ ಅವಳು ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಗಾಡಿಗೆ ತಂದಳು. ಆಮೇಲೆ ಬಾಸಿಲ್ ಅದನ್ನು ನೋಡಿಲ್ಲ. ಮಂಚದ ಕೆಳಗೆ ಎಲ್ಲೋ ಬೆಡ್‌ಶೀಟಿನೊಳಗೇ ಇದೆ, ನಿಜವಾದ ಗೋಡೆಗಾಗಿ ಕಾಯುತ್ತಿದೆ ಎಂದು ಅವನ ಲೆಕ್ಕಾಚಾರ. ಪಾದ್ರಿಗಳು ಗಾಡಿಯ ನಾಲ್ಕೂ ಚಕ್ರಕ್ಕೆ ತೀರ್ಥ ಚಿಮುಕಿಸಿದ ದಿನವೂ ಅವಳು, "ಇದು ಗಾಡಿಗೆ ಮಾಡುವ ಪ್ರಾರ್ಥನೆ, ಮನೆಗೆ ಮಾಡುದು ಬೇರೆ" ಎಂದಿದ್ದಳಲ್ಲ. ಯಾಕೆ ಪಟ ತೂಗುಹಾಕಲಿಲ್ಲ ಎಂದು ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆಗೆ ಅವನು ಕೇಳಿರಲಿಲ್ಲ. ಗಾಡಿಯ ಎದುರು ಗೋಡೆಯಲ್ಲಿ, ಬಾಗಿಲು ಹತ್ತಿದ ಕೂಡಲೇ ಕಣ್ಣಿಗೆ ಬೀಳುವಂತೆ, ಅವನ ಸ್ಪ್ಯಾನರುಗಳ ಹಲಗೆ ಇತ್ತು. ಒಂದೊಂದು ಸ್ಪ್ಯಾನರಿನ ಹಿಂದೆಯೂ ಅದರದೇ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದ. ಯಾವುದು ಕಾಣೆಯಾದರೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಬಂದ ಪಾದ್ರಿಗಳೆಲ್ಲ ಅದನ್ನು ಹೊಗಳುತ್ತಿದ್ದರು.

ಹೊಗಳಿಕೆ ಅವನಿಗೆ ಬೇಕಿತ್ತು, ಒಪ್ಪಿಕೊಳ್ಳದಿದ್ದರೂ. ಒಂದು ಕಾಲದಲ್ಲಿ ರೂವಿಯ ಇಗರ್ಜಿಯಲ್ಲಿ ಶುಕ್ರವಾರದ ಪೂಜೆಗೆ ಬೈಬಲ್ ವಾಚನ ಓದಲು ಅವನನ್ನು ಕರೆದಿದ್ದರು. ಹೊಸ ಅಂಗಿ ಹಾಕಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಗಂಟಲು ಸರಿ ಮಾಡಿಕೊಂಡು ಅವನು ಗಂಭೀರವಾಗಿ ಓದಿದ್ದು ಮುಂದಿನ ವಾರದ ಪಾಠವನ್ನು. ಅರ್ಧಕ್ಕೆ ಬರುವಾಗ ಇಡೀ ಇಗರ್ಜಿಯಲ್ಲಿ ಪುಟ ಮಗುಚುವ ಸದ್ದು. ಪಾದ್ರಿಗಳು ಕೆಮ್ಮಿದರು. ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ ಓದಿದ. ಮುಂದಿನ ಶುಕ್ರವಾರ ಬಾಗಿಲಲ್ಲೇ ಯಾರೋ, "ಇವತ್ತಿನದ್ದು ನಾವು ಕೇಳಿ ಆಗಿದೆ, ಬಾಸಿಲ್, ಮನೆಗೆ ಹೋಗ್ಬಹುದಾ?" ಎಂದರು. ಅಂದಿನಿಂದ ಅವನು ಮುಂದೆ ಹೋದವನಲ್ಲ. ಪೂಜೆಯ ಆಲ್ತಾರಿನ ಹಿಂದೆ, ಏಣಿಯ ಮೇಲೆ, ಫ್ಯೂಸ್ ಪೆಟ್ಟಿಗೆಯ ಬಳಿ ಅವನ ಜಾಗ. ಅಲ್ಲಿ ಯಾರೂ ಪುಟ ಮಗುಚುವುದಿಲ್ಲ. ಗಾಡಿಗೂ ನೋಹನ ನಾವೆ ಎಂದು ಹೆಸರಿಟ್ಟವರು ಅದೇ ಜನ. "ಪ್ರಾಣಿ ಮಾತ್ರ ಎರಡೇ" ಎಂದು ಸೇರಿಸುತ್ತಿದ್ದರು. ಕ್ಯಾರೋಲಿನ್ ಅದಕ್ಕೆ ನಕ್ಕಿದ್ದಳು. ಆ ನಗು ಯಾರ ಕಡೆಯದು ಎಂದು ಅವನು ಇಂದಿಗೂ ಯೋಚಿಸುತ್ತಾನೆ.

ಈ ಸಲ ಸಲಾಲದ ಮಂಗಳೂರಿನವರಿಗೆ ತೆನೆ ತರುವವರಿರಲಿಲ್ಲ. ಊರಿಗೆ ರಜೆಗೆ ಹೋದವರು ಯಾರೂ ಹಬ್ಬದೊಳಗೆ ಮರಳುತ್ತಿರಲಿಲ್ಲ. ಮಸ್ಕತ್ತಿಗೆ ವಿಮಾನದಲ್ಲಿ ಬಂದ ಕಟ್ಟಿನಿಂದ ಒಂದು ಹಿಡಿಯನ್ನು ಬೇರೆ ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, "ಬಾಸಿಲ್, ನಿನ್ನ ಕೈಯಲ್ಲಿದೆ ಅವರ ಹಬ್ಬ" ಎಂದು ಕೊಟ್ಟಿದ್ದರು. ಹಬ್ಬದ ದಿನ ಪಾದ್ರಿಗಳು ತೆನೆಯನ್ನು ಮಂತ್ರಿಸಿ, ಮನೆಗೊಂದರಂತೆ ಹಂಚಬೇಕು. ಅದರ ಅಕ್ಕಿ ಬಿಡಿಸಿ ಹಾಲಿನಲ್ಲಿ ಅರೆದು ಮನೆಯವರೆಲ್ಲ ಮೊದಲು ಅದನ್ನು ಕುಡಿದೇ ಊಟಕ್ಕೆ ಕೂರಬೇಕು. ಭತ್ತವಿಲ್ಲದೆ ಮೊಂತಿ ಹಬ್ಬವಿಲ್ಲ. ಬಾಸಿಲನ ಎದೆ ಉಬ್ಬಿತ್ತು. ನಿನ್ನೆ ಸಂಜೆ ಬಟ್ಟೆ ಬಿಚ್ಚಿ ನೋಡಿದರೆ ತೆನೆಯಲ್ಲಿ ಬೂಷ್ಟು ಹಿಡಿದ ವಾಸನೆ. "ನನ್ನ ಕಪಾಟಿನಲ್ಲಿ ಇಡುವ, ಅಲ್ಲಿ ಒಣಗಿದ ಜಾಗ ಉಂಟು" ಎಂದಳು ಕ್ಯಾರೋಲಿನ್. ನಿನ್ನ ಕಪಾಟಿನಲ್ಲಿ ಬಟ್ಟೆ ತುಂಬಿದೆಯಲ್ಲ, ಕಟ್ಟಿಟ್ಟದ್ದು, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಅವನು ಬೇಕೆಂದೇ ತಾಂತ್ರಿಕವಾಗಿ ಮಾತಾಡಿದ: ಗಾಳಿ ಆಡಬೇಕು, ಏಸಿಯ ತೇವ ಒಳ್ಳೆಯದಲ್ಲ, ಗಾಡಿಯ ಹೊರಮೈಯ ಏಣಿಗೆ ಕಟ್ಟಿದರೆ ಬೆಳಗಾಗುವಾಗ ಗರಿಗರಿ ಒಣಗುತ್ತದೆ. ಏಣಿಗೆ ಕಟ್ಟಿದ. ತಂತಿ ಸುತ್ತಿ ಕಟ್ಟಿದ, ಗಾಳಿಗೆ ಬೀಳದಂತೆ.

ಗಾಳಿಗೆ ಬೀಳಲಿಲ್ಲ. ಹೊರಗಿನಿಂದ ಭೋಜರಾಜನ ಸ್ವರ ಕೇಳಿತು. "ಓ ಪೊರ್ಬುಗಳೇ, ನಿಮ್ಮ ಏಣಿಯಲ್ಲಿ ಎಂತದು ಕಟ್ಟಿದ್ದು? ಒಂಟೆಗೆ ಭಾರೀ ಇಷ್ಟ ಆಗಿದೆ."

ಭೋಜರಾಜ ಬಂಕಿನ ಪಕ್ಕದ ಹೋಟೆಲಿನ ಅಡುಗೆಯವನು, ಕಾಪುವಿನವನು; ಅವರು ಇಲ್ಲಿ ನಿಂತಾಗಲೆಲ್ಲ ಚಹಾ ತಂದುಕೊಡುವವನು, ಊರಿನಲ್ಲಿ ಕ್ರೈಸ್ತರನ್ನು ಕರೆಯುವಂತೆ ಇವರನ್ನೂ ಪೊರ್ಬು, ಬಾಯಮ್ಮ ಎಂದೇ ಕರೆಯುವವನು. ಬಾಸಿಲ್ ಬರಿಗಾಲಲ್ಲಿ ಇಳಿದು ಓಡಿದ. ಒಂಟೆ ಎತ್ತರದಲ್ಲಿ ನಿಂತು, ದವಡೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಆಡಿಸುತ್ತ, ಬಾಯಿಯ ಬದಿಯಿಂದ ಇಳಿಬಿದ್ದ ಕೊನೆಯ ಒಂದು ಹುಲ್ಲನ್ನು ನಿಧಾನವಾಗಿ ಒಳಗೆಳೆದುಕೊಳ್ಳುತ್ತಿತ್ತು. ಏಣಿಯಲ್ಲಿ ತಂತಿ ಮಾತ್ರ ಗಟ್ಟಿಯಾಗಿ ಉಳಿದಿತ್ತು; ಆ ಕೆಲಸದಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಕೈಯೆತ್ತಿ ಹೊಡೆಯೋಣವೆಂದರೆ ಅದರ ಕುತ್ತಿಗೆಯಲ್ಲಿ ಯಜಮಾನನ ಗುರುತು. ಈ ದೇಶದಲ್ಲಿ ಮನುಷ್ಯನ ಮೇಲೆ ಕೈಮಾಡಿ ಪಾರಾಗಬಹುದು, ಒಂಟೆಯ ಮೇಲೆ ಮಾಡಿ ಅಲ್ಲ. ಬಾಸಿಲ್ ಎತ್ತಿದ ಕೈಯನ್ನು ತಲೆಗೆ ತಂದು ಕೂದಲು ಕೆರೆದುಕೊಂಡ. ಸಲಾಲದ ಇಗರ್ಜಿಯ ಅಂಗಳದಲ್ಲಿ ಹೂವಿನ ಬುಟ್ಟಿ ಹಿಡಿದು ಸಾಲಾಗಿ ನಿಂತ ಮಕ್ಕಳು ಕಣ್ಣಿಗೆ ಕಟ್ಟಿದರು. ಇಡೀ ಇಗರ್ಜಿ ಪುಟ ಮಗುಚುವ ಸದ್ದು ಕೇಳಿತು.

ಹಿಂದೆ ಕ್ಯಾರೋಲಿನ್ ಬಂದು ನಿಂತಿದ್ದಳು. ಏಣಿಯನ್ನು ನೋಡಿದಳು, ಒಂಟೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳು ಬೈದಿದ್ದರೆ ಸಾಕಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದು ಬಾಸಿಲ್ ಹತ್ತಿರ ಹೋದರೆ ನಗು. ಕಣ್ಣಲ್ಲಿ ನೀರು ಬರುವ ನಗು.

"ನೋಹನ ನಾವೆಗೆ ಒಂದು ಒಂಟೆಯೂ ಬಂತಲ್ಲ" ಎಂದಳು.

"ನಗುವ ವಿಷಯ ಅಲ್ಲ ಇದು, ಕ್ಯಾರಲ್."

"ಗೊತ್ತುಂಟು. ಅದಕ್ಕೇ ನಗು ಬರುದು."

ಭೋಜರಾಜನಿಗೆ ವಿಷಯ ತಿಳಿದಾಗ ಅವನ ಮುಖವೂ ಸಣ್ಣದಾಯಿತು. ಅವನ ಮನೆಯಲ್ಲಿಯೂ ಹೊಸ ತೆನೆ ತಂದು ಕಂಬಕ್ಕೆ ಕಟ್ಟುವ ಪದ್ಧತಿ. ಹೋಟೆಲಿನ ಹಿಂದೆ ಆಡುಗಳಿಗೆ ತಂದ ಹುಲ್ಲಿನ ಹೊರೆಯತ್ತ ಕೈ ತೋರಿಸಿದ. "ಅದರಲ್ಲಿ ತೆನೆಯ ಹಾಗೆಯೇ ಕಾಣುವಂಥದ್ದು ಉಂಟು, ಪೊರ್ಬುಗಳೇ. ನಿಮ್ಮ ಸಲಾಲದ ಪಾದ್ರಿಗಳು ಯಾವ ಊರಿನವರು?"

"ಇಟಲಿಯವರು."

"ಹಾಗಾದ್ರೆ ಹುಲ್ಲು ಸಾಕು."

ಬಾಸಿಲ್ ಹೊರೆಯ ಕಡೆಗೆ ನಡೆದ. ನಾಚಿಕೆಯ ಸಂಗತಿಯೆಂದರೆ ಅವನು ನಿಜವಾಗಿಯೂ ನಡೆದ. ಒಂದು ದಂಟು ಎಳೆದು, ಬೆಳಕಿಗೆ ಹಿಡಿದು, ದೂರದಿಂದ ಹೇಗೆ ಕಾಣುತ್ತದೆಂದು ಕಣ್ಣು ಕಿರಿದು ಮಾಡಿ ನೋಡಿದ. ಮೂರನೆಯ ಬೆಂಚಿನಿಂದ ಹಿಂದಿನವರಿಗೆ ತಿಳಿಯಲಿಕ್ಕಿಲ್ಲ. ಆದರೆ ಮುಂದಿನ ಬೆಂಚುಗಳಲ್ಲಿ ಕೂರುವವರೆಲ್ಲ ಗದ್ದೆಯಲ್ಲಿ ಬಿದ್ದು ಎದ್ದ ಮುದುಕಿಯರು, ಮಕ್ಕಳ ಮನೆಗೆಂದು ಬಂದವರು. ಆಮೇಲೆ ಮನೆಮನೆಯಲ್ಲಿ ಅದನ್ನು ಹಾಲಿನಲ್ಲಿ ಅರೆದು ಕುಡಿಯುತ್ತಾರೆ. ಆಡಿನ ಮೇವನ್ನು. ಅವನು ದಂಟನ್ನು ಕೆಳಗೆ ಹಾಕಿ, ಯಾರಾದರೂ ನೋಡಿದರೇ ಎಂದು ತಿರುಗಿದ. ಕ್ಯಾರೋಲಿನ್ ನೋಡಿರಲಿಲ್ಲ. ಅವಳು ಏಣಿಯ ಬುಡದಲ್ಲಿ ಮರಳಿನ ಮೇಲೆ ಮೊಣಕಾಲೂರಿ ಕುಳಿತಿದ್ದಳು.

"ಒಂಟೆ ನಿಧಾನ ತಿಂದಿದೆ. ಎಳೆಯುವಾಗ ಉದುರಿದ್ದು ತುಂಬ ಉಂಟು ಇಲ್ಲಿ" ಎಂದಳು.

ಭೋಜರಾಜ ಹೋಟೆಲಿನಿಂದ ಮೈದಾ ಹಿಟ್ಟಿನ ಜರಡಿ ತಂದ. ಬಾಸಿಲ್ ಬೊಗಸೆಯಿಂದ ಮರಳು ತುಂಬಿದ, ಭೋಜರಾಜ ಆಡಿಸಿದ, ಕ್ಯಾರೋಲಿನ್ ಜರಡಿಯಲ್ಲಿ ಉಳಿದ ಕಲ್ಲು, ಸಿಗರೇಟಿನ ತುಂಡು, ಒಂಟೆಯ ಹಿಕ್ಕೆಗಳ ನಡುವಿನಿಂದ ಭತ್ತದ ಕಾಳು ಹೆಕ್ಕಿ ಸ್ಟೀಲಿನ ತಟ್ಟೆಗೆ ಹಾಕಿದಳು. ಡೀಸೆಲ್ ತುಂಬಿಸಲು ಬಂದ ಪಠಾಣ್ ಡ್ರೈವರೊಬ್ಬ ಏನು ಕಳೆದದ್ದು, ಚಿನ್ನವೇ ಎಂದು ಕೇಳಿ, ಅಕ್ಕಿ ಎಂದಾಗ ನಂಬದೆ, ತಾನೂ ಕುಳಿತು ಹುಡುಕಿದ. ಬಿಸಿಲು ಬೆನ್ನು ಸುಡುತ್ತಿತ್ತು. ಇಗರ್ಜಿಗಳಲ್ಲಿ ಎಷ್ಟೋ ಮೊಣಕಾಲೂರುವ ಹಲಗೆಗಳನ್ನು ರಿಪೇರಿ ಮಾಡಿದ್ದರೂ ತಾನು ಹೆಂಡತಿಯ ಪಕ್ಕ ಮೊಣಕಾಲೂರಿ ಎಷ್ಟು ಕಾಲವಾಯಿತೆಂದು ಬಾಸಿಲನಿಗೆ ನೆನಪಾಗಲಿಲ್ಲ. ತೇರ್ಸದ ಹೊತ್ತಿಗೆ ಅವನು ಏಣಿಯ ಮೇಲೋ ಗಾಡಿಯ ಅಡಿಯಲ್ಲೋ ಇರುತ್ತಿದ್ದ. ಅವಳು ಗಾಡಿಯಲ್ಲಿ ಒಬ್ಬಳೇ. ಅವಳ ಕುತ್ತಿಗೆಯ ಬೆವರಿಗೆ ಮರಳು ಅಂಟಿತ್ತು. ಒರೆಸಬೇಕೆನಿಸಿತು, ಪಠಾಣನ ಎದುರು ಹೇಗೆ ಎಂದು ಸುಮ್ಮನಾದ. ಇನ್ನು ನಾಲ್ಕು ದಿನ ಕಳೆದರೆ ಈ ಕುತ್ತಿಗೆ ಬೌಷರಿನಲ್ಲಿ, ಫ್ಯಾನಿನ ಕೆಳಗೆ, ತಂಪಾಗಿ ಇರುತ್ತದೆ ಎಂಬ ಯೋಚನೆ ಬಂದು ಅವನಿಗೆ ಅಳುವೇ ಬಂತು. ಕಣ್ಣಿಗೆ ಮರಳು ಬಿತ್ತೆಂದು ಹೇಳಿದ.

ತಟ್ಟೆಯ ತಳ ಮುಚ್ಚುವಷ್ಟಾಯಿತು. ಭೋಜರಾಜ ಒಂದು ಕಾಳನ್ನು ಕೇಳಿ ಪಡೆದು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. "ಮನೆಗೆ ನಾಲ್ಕು ಕಾಳು ಹಂಚಲಿಕ್ಕೆ ಧಾರಾಳ ಆಯ್ತು, ಬಾಯಮ್ಮ" ಎಂದ.

"ಹಂಚಲಿಕ್ಕೆ ಆಯ್ತು" ಎಂದ ಬಾಸಿಲ್. "ಪಾದ್ರಿಗಳು ಎತ್ತಿ ಹಿಡಿದು ಮಂತ್ರಿಸ್ಲಿಕ್ಕೆ ಒಂದಾದರೂ ಇಡೀ ತೆನೆ ಬೇಕಲ್ಲ. ತಟ್ಟೆ ಎತ್ತಿ ಹಿಡೀಲಿಕ್ಕೆ ಆಗ್ತದಾ?"

ಕ್ಯಾರೋಲಿನ್ ಸೀರೆ ಕೊಡವಿ ಎದ್ದು ಗಾಡಿ ಹತ್ತಿದಳು. ಒಳಗಿನಿಂದ ಕಪಾಟಿನ ಬಾಗಿಲು ಕಿರ್ರೆಂದಿತು. ಬಾಸಿಲ್ ಕಾದ. ಮುಚ್ಚುವ ಸದ್ದು ಬರಲಿಲ್ಲ. ತಟ್ಟೆ ಹಿಡಿದು ಅವನೂ ಹತ್ತಿದ. ಪರದೆಯ ಬಳಿ, ಪರರ ಮನೆಯ ಬಾಗಿಲಲ್ಲಿ ನಿಂತಂತೆ, ಒಂದು ಗಳಿಗೆ ನಿಂತ. ಆ ಕಪಾಟನ್ನು ಕಟ್ಟಿದವನು ಅವನೇ, ಆದರೆ ಒಮ್ಮೆಯೂ ತೆರೆದಿರಲಿಲ್ಲ. ಪರದೆ ಸರಿಸಿದ. ಕಪಾಟಿನಲ್ಲಿ ಬಟ್ಟೆ ಎಂದಿನಂತೆ ಕಲಸಿಕೊಂಡು ಬಿದ್ದಿತ್ತು. ಯಾವುದನ್ನೂ ಯಾರೂ ಕಟ್ಟಿರಲಿಲ್ಲ. ತೆರೆದ ಬಾಗಿಲಿನ ಒಳಮೈಯಲ್ಲಿ, ಡೊಂಕಾದ ಒಂದು ಮೊಳೆಗೆ, ಅವಳ ತಾಯಿ ಕೊಟ್ಟ ಪಟ ತೂಗುತ್ತಿತ್ತು. ಚೌಕಟ್ಟಿನ ಮೂಲೆಯಿಂದ ಜಪಮಾಲೆ ಇಳಿಬಿದ್ದಿತ್ತು. ಪಟದ ಹಿಂದೆ ಒಣಗಿ ಚಿನ್ನದ ಬಣ್ಣ ತಿರುಗಿದ ತೆನೆಗಳಿದ್ದವು, ಗಾಡಿಗೆ ಬಂದ ಮೇಲಿನ ಒಂದೊಂದು ಹಬ್ಬದ್ದೂ. ಕ್ಯಾರೋಲಿನ್ ಅದರಲ್ಲಿ ಕಳೆದ ವರ್ಷದ್ದು ಯಾವುದೆಂದು ನೋಡಿ ಜೋಪಾನವಾಗಿ ಬಿಡಿಸುತ್ತಿದ್ದಳು.

"ಎತ್ತಿ ತೋರಿಸ್ಲಿಕ್ಕೆ ಹಳತು ಆಗ್ತದೆ. ಬಾಯಿಗೆ ಹಾಕ್ಲಿಕ್ಕೆ ಹೊಸತು ಉಂಟಲ್ಲ" ಎಂದಳು, ತಿರುಗದೆಯೇ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳಿದ ಸದ್ದುಗಳೆಲ್ಲ ಒಟ್ಟಿಗೆ ಬಾಸಿಲನ ಕಿವಿಗೆ ಬಂದವು. "ನನಗೆ ಗೊತ್ತೇ ಇರ್ಲಿಲ್ಲ. ಹೀಗೆ ಅಡಗಿಸಿ ಯಾಕೆ ಇಟ್ಟದ್ದು?"

"ಅಡಗಿಸಿದ್ದಲ್ಲ." ಅವಳು ಈಗ ತಿರುಗಿದಳು. "ಗಾಡಿಗೆ ಬಂದ ವಾರವೇ ಎದುರು ಗೋಡೆ ಕೇಳಿದ್ದೆ ನಿಮ್ಮಲ್ಲಿ. ಸಾಮಾನು ಕೈಗೆ ಸಿಗ್ಬೇಕು, ಇಗರ್ಜಿ ಕೆಲಸಕ್ಕೆ ಬೇಕು ಅಂದ್ರಿ. ಒಂದು ಮೊಳೆಯಾದ್ರೂ ಹೊಡೆದು ಕೊಡಿ ಅಂದೆ. ಘಾಲಾದ ಬೆಂಚು ಮುಗೀಲಿ ಅಂದ್ರಿ. ಮತ್ತೆ ಸಲಾಲದ ಮಾಡು ಬಂತು. ಕೊನೆಗೆ ನಾನೇ ಅರೆಯುವ ಕಲ್ಲಿನಿಂದ ಹೊಡೆದದ್ದು. ಗೋಡೆ ನಿಮ್ಮದು, ಈ ಬಾಗಿಲೊಂದು ನನ್ನದಿತ್ತು."

ಅವಳ ಸ್ವರದಲ್ಲಿ ದೂರು ಇರಲಿಲ್ಲ, ಅದನ್ನೇ ಅವನಿಗೆ ತಾಳಲಾಗಲಿಲ್ಲ. ಅವಳು ಕೇಳಿದ್ದು ಅವನಿಗೆ ಈಗ ಚೆನ್ನಾಗಿ ನೆನಪಾಯಿತು. ಆಗಲೂ ಕೇಳಿಸಿತ್ತು. ಮಸ್ಕತ್ತಿನಿಂದ ಸಲಾಲದವರೆಗೆ ಎಷ್ಟು ಶಿಲುಬೆಗಳಿಗೆ, ಎಷ್ಟು ಸಂತರಿಗೆ ಅವನು ಮೊಳೆ ಹೊಡೆದಿಲ್ಲ, ಮಟ್ಟಗೋಲು ಇಟ್ಟು, ಕೂದಲೆಳೆ ವಾಲದಂತೆ. ಇಷ್ಟು ವರ್ಷ ಅವನು ಬಸ್ಸಿನಲ್ಲಿ ತಿರುಗುತ್ತಿದ್ದ. ಅವಳು ಮನೆಯಲ್ಲಿದ್ದಳು, ಎರಡು ಗೇಣಿನ ಒಂದು ಬಾಗಿಲಿನ ಹಿಂದೆ. ಅವನಿಗೆ ತುಂಬ ನಾಚಿಕೆಯಾಯಿತು, ನಾಚಿಕೆಯ ಕೆಳಗೆ ಯಾಕೋ ಸಂತೋಷವೂ ಆಗುತ್ತಿತ್ತು.

ತಟ್ಟೆಯನ್ನು ಮಂಚದ ಮೇಲಿಟ್ಟು ಅವನು ಎದುರು ಗೋಡೆಗೆ ಹೋದ. ಸ್ಪ್ಯಾನರುಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಹರಡಿದ. ಹಲಗೆಯ ಮೇಲೆ ಕೆಂಪು ಆಕಾರಗಳು ಮಾತ್ರ ಉಳಿದವು. ಹಲಗೆಯನ್ನೂ ಬಿಚ್ಚಿದ. ಹಿಂದಿನ ತಗಡು ಹೊಸ ಬಣ್ಣದಲ್ಲಿ ಹಾಗೇ ಹೊಳೆಯುತ್ತಿತ್ತು. ಉಳಿದಿದ್ದ ಸ್ಕ್ರೂ ಒಂದನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಕ್ಯಾರೋಲಿನ್ ತಂದ ಪಟವನ್ನು ಎರಡೂ ಕೈಯಲ್ಲಿ ಹಿಡಿದು ತೂಗುಹಾಕಿದ. ಬಾಗಿಲ ಹೊರಗೆ ಭೋಜರಾಜ ಚಪ್ಪಲಿ ಬಿಟ್ಟು ನಿಂತಿದ್ದ. ಅವನ ಹಿಂದೆ ಒಂಟೆ ಇನ್ನೂ ಬಾಯಾಡಿಸುತ್ತಿತ್ತು.

"ಬಲಕ್ಕೆ ವಾಲಿದೆ" ಎಂದಳು ಕ್ಯಾರೋಲಿನ್.

"ಪಟ ಸರಿ ಉಂಟು. ಗಾಡಿ ವಾಲಿದ್ದು."

"ಹಾಗಾದ್ರೆ ಗಾಡಿ ಸರಿ ಮಾಡಿ."

ಅವನು ಡ್ರೈವರ್ ಸೀಟಿಗೆ ಹೋಗಲು ಎರಡು ಹೆಜ್ಜೆ ಇಟ್ಟವನು ನಿಂತ. ಇದೊಂದನ್ನು ಕೇಳದೆ ಗಾಡಿ ಮುಂದೆ ಹೋಗದು. "ಇವ್ಲಿನ್‌ಗೆ ಎಂತ ಹೇಳ್ತಿ?" ಎಂದು ಸ್ಟೇರಿಂಗಿನ ಕಡೆ ಮುಖ ಮಾಡಿಯೇ ಕೇಳಿದ.

"ಹಬ್ಬ ಮುಗೀಲಿ ಅಂದಿದ್ದೆನಲ್ಲ." ತೆನೆಯನ್ನು ಭತ್ತದ ತಟ್ಟೆಯ ಮೇಲಿಟ್ಟು, ಅವಳು ನೆಲದಲ್ಲಿ ಹರಡಿದ್ದ ಸ್ಪ್ಯಾನರುಗಳನ್ನು ಕಾಲಿಗೆ ಸಿಗದಂತೆ ಬದಿಗೆ ಸರಿಸತೊಡಗಿದಳು. ಅವನು ಸೀಟಿನಲ್ಲಿ ಕುಳಿತರೂ ಇಂಜಿನ್ ಶುರು ಮಾಡಲಿಲ್ಲ. ಕೊನೆಗೆ ಬೇರೇನೂ ತೋಚದೆ, "ಈ ಸಾಮಾನೆಲ್ಲ ಇನ್ನು ಎಲ್ಲಿ ಇಡುದು?" ಎಂದ.

ಕ್ಯಾರೋಲಿನ್ ಅತಿ ದೊಡ್ಡ ಸ್ಪ್ಯಾನರನ್ನು ಕೈಯಲ್ಲಿ ತೂಗಿ ನೋಡಿದಳು.

"ಕಪಾಟಿನ ಬಾಗಿಲಿನ ಆ ಮೊಳೆ ಈಗ ಖಾಲಿ ಉಂಟು" ಎಂದಳು. "ಆದ್ರೆ ಮೊದಲು ಅದರ ಕೀಲಿಗೆ ಸ್ವಲ್ಪ ಎಣ್ಣೆ ಬಿಡಿ. ಇನ್ನು ಎಷ್ಟು ವರ್ಷ ಅಂತ ಆ ಕಿರ್ರ್ ಕೇಳುದು ನಾನು?"